ನಲ್ಲಿಯ ಬಿಡಿಭಾಗವೆಲ್ಲ 8481.90 ಅಲ್ಲ

ಮಾನ್ಯ ಸಂಪಾದಕರೇ,

ಆಮದು ಸುಂಕದ ಸುದ್ದಿ ಬಂದಾಗಲೆಲ್ಲ ವಾಣಿಜ್ಯ ಪುಟಗಳಲ್ಲಿ ‘ನಲ್ಲಿ, ವಾಲ್ವ್ ಮತ್ತು ಬಿಡಿಭಾಗಗಳು: 8481’ ಎಂಬ ಒಂದು ಸಾಲು ಅಚ್ಚಾಗುತ್ತದೆ. ಸಾಲಿನಲ್ಲಿ ತಪ್ಪಿಲ್ಲ. ತಪ್ಪಾಗುವುದು ಅದನ್ನು ಬಳಸುವ ರೀತಿಯಲ್ಲಿ. ಇನ್‌ವಾಯ್ಸ್‌ನಲ್ಲಿ ವಾಷರ್ ಇರಲಿ, ಸ್ಪ್ರಿಂಗ್ ಇರಲಿ, ಸೆರಾಮಿಕ್ ಬಿಲ್ಲೆ ಇರಲಿ, ‘ವಾಲ್ವಿಗೆ ಹೋಗುವುದು ತಾನೇ’ ಎಂದು ಎಲ್ಲದಕ್ಕೂ ವಾಲ್ವ್ ಬಿಡಿಭಾಗದ ಸುಂಕ ಕೋಡ್ 8481.90 ಬರೆದುಬಿಡುತ್ತಾರೆ. ಕಸ್ಟಮ್ಸ್ ತಕರಾರು ಹೆಚ್ಚಾಗಿ ಏಳುವುದು ಇಡೀ ವಾಲ್ವಿನ ಮೇಲಲ್ಲ, ಈ ಬಿಡಿಭಾಗದ ಸಾಲಿನ ಮೇಲೆ. ಅದಕ್ಕಾಗಿ ಈ ಪತ್ರ.

ಮೊದಲು ಶೀರ್ಷಿಕೆಯ, ಅಂದರೆ ನಾಲ್ಕಂಕಿಯ ಕೋಡಿನ, ವ್ಯಾಪ್ತಿ. ಪೈಪು, ಬಾಯ್ಲರ್‌ನ ಹೊರಕವಚ, ಟ್ಯಾಂಕು, ತೊಟ್ಟಿ ಮುಂತಾದವಕ್ಕೆ ಹಾಕುವ ನಲ್ಲಿ, ಕಾಕ್, ವಾಲ್ವ್ ಮತ್ತು ಅಂಥ ಸಾಧನಗಳು 8481ಕ್ಕೆ ಸೇರುತ್ತವೆ. ಅದರೊಳಗೆ ಆರಂಕಿಯ ಮಟ್ಟದಲ್ಲಿ ಒತ್ತಡ ಇಳಿಸುವ ವಾಲ್ವ್ 8481.10, ಹೈಡ್ರಾಲಿಕ್ ಎಣ್ಣೆ ಅಥವಾ ಗಾಳಿಯ ಮೂಲಕ ಶಕ್ತಿ ಸಾಗಿಸುವ ವ್ಯವಸ್ಥೆಯ ವಾಲ್ವ್ 8481.20, ಹಿಂದಕ್ಕೆ ಹರಿಯಗೊಡದ ಚೆಕ್ ವಾಲ್ವ್ 8481.30, ಸೇಫ್ಟಿ ಅಥವಾ ರಿಲೀಫ್ ವಾಲ್ವ್ 8481.40, ಉಳಿದ ಸಾಧನಗಳು 8481.80, ಬಿಡಿಭಾಗ 8481.90. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಹಾರ್ಮೊನೈಸ್ಡ್ ಸಿಸ್ಟಮ್, ಅಂದರೆ ಸರಕುಗಳಿಗೆ ಈ ಕೋಡ್ ಕೊಡುವ ಪಟ್ಟಿ, 1988ರ ಜನವರಿ 1ರಿಂದ ಜಾರಿಯಲ್ಲಿದೆ. ಈ ಆರಂಕಿ ಅದನ್ನು ಒಪ್ಪಿದ ಎಲ್ಲ ದೇಶಗಳಿಗೂ ಒಂದೇ. ಏಳನೆಯ ಅಂಕಿಯಿಂದ ಮುಂದಕ್ಕೆ ಆಯಾ ದೇಶದ ಪಾಡು. ಸರಬರಾಜುದಾರ ಕಳಿಸಿದ ಹತ್ತಂಕಿಯ ಕೋಡನ್ನು ಹಾಗೆಯೇ ನಕಲು ಮಾಡಬಾರದು ಎನ್ನುವುದು ಇದಕ್ಕೇ. ಮೊದಲ ಆರು ಅಂಕಿಯನ್ನೂ ಅವನು ತನ್ನ ಅನುಕೂಲ ನೋಡಿಕೊಂಡು ಬರೆದಿರಬಹುದು.

ಈ ಶೀರ್ಷಿಕೆಯಲ್ಲಿ ವಾಲ್ವ್ ಯಾವ ವಸ್ತುವಿನದು ಎಂಬುದು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಹಿತ್ತಾಳೆ, ಎರಕದ ಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲ್, ಪಿವಿಸಿ ಯಾವುದರದ್ದಾದರೂ ಸರಿ. ಪಿವಿಸಿ ಬಾಲ್ ವಾಲ್ವನ್ನು ಪ್ಲಾಸ್ಟಿಕ್ ಪೈಪು ಫಿಟ್ಟಿಂಗ್ ಎಂದು 3917ರಲ್ಲಿ ತೋರಿಸುವವರು ಈಗಲೂ ಇದ್ದಾರೆ. ಹರಿವನ್ನು ತೆರೆದು ಮುಚ್ಚುವ ಅಂಗ ಒಳಗಿದ್ದರೆ ಅದು ಫಿಟ್ಟಿಂಗ್ ಅಲ್ಲ, ವಾಲ್ವ್. ವಸ್ತುವಿನ ಕಾರಣಕ್ಕೆ ಹೊರಗುಳಿಯುವವು ಮೂರೇ: ಗಡಸು ರಬ್ಬರ್ ಅಲ್ಲದ ವಲ್ಕನೈಸ್ಡ್ ರಬ್ಬರ್, ಸೆರಾಮಿಕ್ ಮತ್ತು ಗಾಜು. ಪ್ರಯೋಗಾಲಯದ ಗಾಜಿನ ಸ್ಟಾಪ್‌ಕಾಕ್ 7017ಕ್ಕೆ ಹೋಗುತ್ತದೆ. ಕೈಯಿಂದ ತಿರುಗಿಸುವುದೋ, ಮೋಟಾರೋ, ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತವೋ, ತೇಲುಬುಂಡೆಯೋ ಎಂಬುದರಿಂದಲೂ ಶೀರ್ಷಿಕೆ ಬದಲಾಗುವುದಿಲ್ಲ.

ವಾಲ್ವ್ ಯಾವ ಯಂತ್ರಕ್ಕೆ ಹೋಗುತ್ತದೆ ಎಂಬುದೂ ಅಷ್ಟೇ. ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಬಿಡುವ ಸೊಲೆನಾಯ್ಡ್ ವಾಲ್ವ್ ಆ ಯಂತ್ರಕ್ಕೆಂದೇ ತಯಾರಾಗಿದ್ದರೂ 8450ರ ಬಿಡಿಭಾಗವಾಗುವುದಿಲ್ಲ. ಆ ಪಟ್ಟಿಯ 16ನೇ ವಿಭಾಗದ ಟಿಪ್ಪಣಿ 2(ಎ) ಪ್ರಕಾರ, 84 ಮತ್ತು 85ನೇ ಅಧ್ಯಾಯಗಳಲ್ಲಿ ತನ್ನದೇ ಶೀರ್ಷಿಕೆ ಇರುವ ಭಾಗ, ಯಾವ ಯಂತ್ರದೊಳಗೆ ಕೂತರೂ ಆ ಶೀರ್ಷಿಕೆಯಲ್ಲೇ ಉಳಿಯುತ್ತದೆ. ವಾಹನಗಳಿಗೆ 17ನೇ ವಿಭಾಗದ ಟಿಪ್ಪಣಿ 2(ಇ) ಇದೇ ಮಾತನ್ನು 8481ರ ಹೆಸರು ಹಿಡಿದೇ ಹೇಳುತ್ತದೆ. ಲಾರಿಯ ಏರ್ ಬ್ರೇಕ್ ವಾಲ್ವನ್ನು ವಾಹನದ ಬಿಡಿಭಾಗವೆಂದು 8708 ಬರೆದರೆ ವಾದಕ್ಕೆ ನೆಲೆಯೇ ಇಲ್ಲ. ತನ್ನಷ್ಟಕ್ಕೆ ಪೂರ್ಣ ವಾಲ್ವ್ ಅಲ್ಲದ, ಯಂತ್ರದ ಒಳಗೆ ಮಾತ್ರ ಹರಿವು ನಿಯಂತ್ರಿಸುವ ತುಂಡಿನ ಕತೆ ಬೇರೆ. ಎಂಜಿನ್ನಿನ ಇನ್‌ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್ ನೋಡಿ: ಉದ್ದ ಕಾಂಡಕ್ಕೆ ಅಣಬೆ ತಲೆ, ಅಷ್ಟೇ. ಅದರ ಸೀಟು ಇರುವುದು ಸಿಲಿಂಡರ್ ಹೆಡ್‌ನಲ್ಲಿ. ಹಾಗಾಗಿ ಅದು ಎಂಜಿನ್ ಬಿಡಿಭಾಗದ 8409. ಏರ್ ಕಂಪ್ರೆಸರ್‌ನ ಸಕ್ಷನ್ ಮತ್ತು ಡೆಲಿವರಿ ವಾಲ್ವ್ 8414.

ಆರಂಕಿಯ ಉಪಶೀರ್ಷಿಕೆಗಳಲ್ಲಿ ಎಡವಿಸುವುದು 8481.20. ಅದಕ್ಕೆ 84ನೇ ಅಧ್ಯಾಯದಲ್ಲಿ ಪ್ರತ್ಯೇಕ ಉಪಶೀರ್ಷಿಕೆ ಟಿಪ್ಪಣಿಯೇ ಇದೆ: ಒತ್ತಡದ ದ್ರವ ಅಥವಾ ಅನಿಲದಿಂದ ಶಕ್ತಿ ಸಾಗಿಸುವ ವ್ಯವಸ್ಥೆಗೆಂದೇ ಬಳಸುವ ವಾಲ್ವ್ ಯಾವ ಬಗೆಯದಾದರೂ 8481.20ಕ್ಕೆ ಬರುತ್ತದೆ, ಉಳಿದೆಲ್ಲ ಉಪಶೀರ್ಷಿಕೆಗಳಿಗಿಂತ ಇದಕ್ಕೆ ಮೊದಲ ಮಣೆ. ಅಂದರೆ ನೀರಿನ ಪೈಪಿನ ಚೆಕ್ ವಾಲ್ವ್ 8481.30, ಹೈಡ್ರಾಲಿಕ್ ಪ್ರೆಸ್ಸಿನ ಎಣ್ಣೆ ಸಾಲಿನ ಚೆಕ್ ವಾಲ್ವ್ 8481.20. ರಿಲೀಫ್ ವಾಲ್ವಿಗೂ ಒತ್ತಡ ಇಳಿಸುವ ವಾಲ್ವಿಗೂ ಇದೇ ತರ್ಕ. ಒಳಗೆ ಹರಿಯುವುದು ಕೆಲಸ ಮಾಡುತ್ತಿದೆಯೋ, ಬರೀ ಸಾಗುತ್ತಿದೆಯೋ ಎಂದು ನೋಡಿಕೊಂಡರೆ ಬಹುತೇಕ ಗೊಂದಲ ತೀರುತ್ತದೆ. ಸಿಲಿಂಡರ್ ತಳ್ಳುವ ಗಾಳಿಯನ್ನು ಅತ್ತಿತ್ತ ತಿರುಗಿಸುವ 5/2 ಸೊಲೆನಾಯ್ಡ್ ವಾಲ್ವ್ 8481.20. ತೋಟದ ಹನಿ ನೀರಾವರಿ ಸಾಲನ್ನು ತೆರೆಯುವ ಸೊಲೆನಾಯ್ಡ್ ವಾಲ್ವ್ 8481.80. ಕ್ಯಾಟಲಾಗಿನಲ್ಲಿ ಬರೀ ‘ಸೊಲೆನಾಯ್ಡ್ ವಾಲ್ವ್, 24 ವೋಲ್ಟ್’ ಎಂದಿದ್ದರೆ ಇದು ಯಾವುದೂ ತಿಳಿಯದು. ಹರಿಯುವುದೇನು, ಕೆಲಸದ ಒತ್ತಡ ಎಷ್ಟು, ಯಾವ ಸರ್ಕ್ಯೂಟಿನಲ್ಲಿ ಕೂರುತ್ತದೆ ಎಂಬ ಮೂರು ವಿವರ ಬರೆಸಿಕೊಳ್ಳಬೇಕು.

ಇನ್ನು ಬಿಡಿಭಾಗ. 8481.90 ತೆರೆಯುವ ಮೊದಲು ಎರಡು ಬಾಗಿಲು ದಾಟಬೇಕು. ಒಂದು, 16ನೇ ವಿಭಾಗದ ಟಿಪ್ಪಣಿ 1. ಯಂತ್ರಕ್ಕೆ ಬಳಸುವ ಮೆದು ರಬ್ಬರ್ ಸಾಮಾನು, ತಾಂತ್ರಿಕ ಬಳಕೆಯ ನೂಲು ಮತ್ತು ಬಟ್ಟೆಯ ಸಾಮಾನು, 15ನೇ ವಿಭಾಗದ ಟಿಪ್ಪಣಿ 2ರಲ್ಲಿ ಹೇಳಿರುವ ‘ಸಾಮಾನ್ಯ ಬಳಕೆಯ ಭಾಗಗಳು’, ಅಂದರೆ ಬೋಲ್ಟು, ನಟ್ಟು, ಸ್ಕ್ರೂ, ಸ್ಪ್ರಿಂಗು, ಪೈಪು ಫಿಟ್ಟಿಂಗ್ ಮುಂತಾದವು, ಪ್ಲಾಸ್ಟಿಕ್ಕಿನ ಅಂಥವೇ ಸಾಮಾನು, ಇವೆಲ್ಲ ಅಲ್ಲೇ ಹೊರಬೀಳುತ್ತವೆ. ಎರಡು, 84ನೇ ಅಧ್ಯಾಯದ ಟಿಪ್ಪಣಿ 1. ಯಂತ್ರ ಯಾವ ವಸ್ತುವಿನದಾದರೂ ಅದರ ಸೆರಾಮಿಕ್ ಭಾಗ 69ನೇ ಅಧ್ಯಾಯಕ್ಕೆ ಎನ್ನುತ್ತದೆ ಅದು. ಇವೆರಡನ್ನೂ ದಾಟಿ, ತನ್ನದೇ ಬೇರೆ ಶೀರ್ಷಿಕೆಯೂ ಇಲ್ಲದೆ, ವಾಲ್ವಿಗೆಂದೇ ಅಥವಾ ಮುಖ್ಯವಾಗಿ ವಾಲ್ವಿಗೆ ಹೊಂದುವ ಭಾಗ ಮಾತ್ರ 16ನೇ ವಿಭಾಗದ ಟಿಪ್ಪಣಿ 2(ಬಿ) ಮೂಲಕ 8481.90ಕ್ಕೆ ಬರುತ್ತದೆ. ‘ಇದು ನಮ್ಮ ವಾಲ್ವಿಗೆ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ’ ಎಂಬ ವಾದವನ್ನು ಮೊದಲ ಬಾಗಿಲಲ್ಲೇ ಹೂಡುವುದರಿಂದ ಪ್ರಯೋಜನವಿಲ್ಲ. ಅದರ ಸರದಿ ಬರುವುದು ಕೊನೆಯಲ್ಲಿ.

ಒಂದು ಹಿತ್ತಾಳೆ ಗೇಟ್ ವಾಲ್ವನ್ನು ಬಿಚ್ಚಿ ಮೇಜಿನ ಮೇಲೆ ಹರವೋಣ. ಬಾಡಿ, ಬಾನೆಟ್, ಒಳಗಿನ ಬೆಣೆ, ಸ್ಪಿಂಡಲ್, ಹ್ಯಾಂಡ್‌ವೀಲ್: ಇವು ಬಿಡಿಯಾಗಿ ಬಂದರೆ 8481.90. ಹ್ಯಾಂಡ್‌ವೀಲ್ ಹಿಡಿದಿರುವ ಮಾಮೂಲಿ ಆರು ಮೂಲೆಯ ನಟ್ಟು ಉಕ್ಕಿನದಾದರೆ 7318.16, ಹಿತ್ತಾಳೆಯದಾದರೆ 7415.33. ಸ್ಪಿಂಡಲ್ ಸುತ್ತ ಸೋರದಂತೆ ತಡೆಯುವ ಗ್ಲ್ಯಾಂಡಿಗೆ ಸುತ್ತುವ ಪ್ಯಾಕಿಂಗ್ ಹತ್ತಿಯ ಹೆಣಿಗೆಗೆ ಗ್ರೀಸ್ ಹಾಕಿದ್ದಾದರೆ 5911.90, ಗ್ರಾಫೈಟಿನದಾದರೆ 6815. ಬಾನೆಟ್ ಕೆಳಗಿನ ರಬ್ಬರ್ ರಿಂಗು 4016.93. ಗ್ಲ್ಯಾಂಡ್ ನಟ್ಟಿನಲ್ಲಿ ಮಾತ್ರ ಜಗಳವಿದೆ. ಹೆಸರಿನಲ್ಲಿ ನಟ್ಟು ಎಂದಿದ್ದರೂ ಸ್ಪಿಂಡಲ್ ಹಾಯಲು ನಡುವೆ ತೂತು, ಪ್ಯಾಕಿಂಗ್ ಒತ್ತಲು ಒಳಗೆ ಮೆಟ್ಟಿಲು, ಆ ವಾಲ್ವಿಗೇ ಹೊಂದುವ ಅಳತೆ ಇರುತ್ತದೆ. ಬಿಗಿಯುವುದಷ್ಟೇ ಅದರ ಕೆಲಸವಲ್ಲ. ಅದನ್ನು 8481.90 ಎಂದು ಹಿಡಿಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಡ್ರಾಯಿಂಗ್ ಜತೆಗಿಲ್ಲದಿದ್ದರೆ ಅಧಿಕಾರಿ ‘ನಟ್ಟು’ ಎಂಬ ಒಂದು ಪದವನ್ನೇ ಹಿಡಿದು ಕೂತರೆ ಅವರ ಮೇಲೆ ತಪ್ಪು ಹೊರಿಸಲಾಗದು.

ಬಾಲ್ ವಾಲ್ವಿನ ಗುಂಡಿನಲ್ಲೂ ಇಂಥದೇ ಒಂದು ತಿರುವಿದೆ. ನಡುವೆ ರಂಧ್ರ ಕೊರೆದು, ಸ್ಪಿಂಡಲ್ ಕೂರಲು ಮೇಲೆ ಸೀಳು ಹಾಕಿದ ಗುಂಡು ನಿಸ್ಸಂದೇಹವಾಗಿ 8481.90. ಬಾಲ್ ಚೆಕ್ ವಾಲ್ವಿಗೆ ಹಾಕುವ ರಂಧ್ರವಿಲ್ಲದ ಉಕ್ಕಿನ ಗುಂಡು ಹಾಗಲ್ಲ. ಅದು ಪಾಲಿಶ್ ಆಗಿದ್ದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ವ್ಯಾಸಗಳು ನಿಗದಿತ ವ್ಯಾಸದಿಂದ ಶೇ 1 ಅಥವಾ 0.05 ಮಿ.ಮೀ., ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಸರಿಯದಿದ್ದರೆ ಬೇರಿಂಗುಗಳ ಶೀರ್ಷಿಕೆ 8482ಕ್ಕೆ ಹೋಗುತ್ತದೆ. ಆ ನಿಖರತೆ ಇಲ್ಲದಿದ್ದರೆ ಉಕ್ಕಿನ ಇತರ ಸಾಮಾನಿನ 7326. 20 ಮಿ.ಮೀ. ಗುಂಡಿಗೆ ಶೇ 1 ಎಂದರೆ 0.2 ಮಿ.ಮೀ., ಆದ್ದರಿಂದ ಅಲ್ಲಿ ನಡೆಯುವುದು 0.05ರ ಮಿತಿ. ಬೇರಿಂಗಿಗೆ ಅಲ್ಲ, ವಾಲ್ವಿಗೆ ತರಿಸಿದ್ದು ಎಂದು ಎಷ್ಟು ಹೇಳಿದರೂ ಟಿಪ್ಪಣಿ ನೋಡುವುದು ಪಾಲಿಶ್ ಮತ್ತು ಮೈಕ್ರೋಮೀಟರ್ ಅಳತೆಯನ್ನು.

ಒಂದೇ ಹಿಡಿಕೆಯ ಮಿಕ್ಸರ್ ನಲ್ಲಿಗಳಿಗೆ ಬರುವ ಕಾರ್ಟ್ರಿಜ್ ಇನ್ನೊಂದು. ಪ್ಲಾಸ್ಟಿಕ್ ಕವಚ, ತಿರುಗುವ ಕಾಂಡ, ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆ, ತಳದಲ್ಲಿ ರಬ್ಬರ್ ಸೀಲು. ಇದೆಲ್ಲ ಜೋಡಿಸಿದ ಇಡೀ ಕಾರ್ಟ್ರಿಜ್ ಆಗಿ ಬಂದರೆ 8481.90. ಬಿಲ್ಲೆಗಳಷ್ಟೇ ಡಬ್ಬಿಯಲ್ಲಿ ಬಂದರೆ ಮೇಲೆ ಹೇಳಿದ ಎರಡನೇ ಬಾಗಿಲು ಅವನ್ನು ತಡೆದು 6909ಕ್ಕೆ ಕಳಿಸುತ್ತದೆ. ಅಲ್ಲಿಯೂ ಮೋಸ್ ಮಾಪಕದಲ್ಲಿ ಗಡಸುತನ 9 ಅಥವಾ ಹೆಚ್ಚಿದ್ದರೆ 6909.12. ಈ ಬಿಲ್ಲೆಗಳನ್ನು ಸಾಮಾನ್ಯವಾಗಿ ಅಲ್ಯುಮಿನಾದಿಂದ ಮಾಡುತ್ತಾರೆ, ಅಲ್ಯುಮಿನಾದ ಗಡಸುತನ 9. ಗಡಸುತನದ ಪರೀಕ್ಷಾ ವರದಿ ತರಿಸದೆ ‘ಇತರೆ’ ಎಂದು 6909.19 ಹಾಕುವುದು ಇಲ್ಲಿ ಮಾಮೂಲಿ ತಪ್ಪು. ಬಾಲ್ ವಾಲ್ವಿನ ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಸೀಟಿಗೆ ಇಷ್ಟು ಕಟ್ಟುನಿಟ್ಟಿನ ಟಿಪ್ಪಣಿ ಇಲ್ಲ. ಗುಂಡಿನ ವಕ್ರತೆಗೆ ತಕ್ಕಂತೆ ಕಡೆದ ಸೀಟಾದರೆ 8481.90, ಹಾಳೆಯಿಂದ ಚಪ್ಪಟೆಯಾಗಿ ಕತ್ತರಿಸಿದ, ಎಲ್ಲಿಗಾದರೂ ಹೊಂದುವ ವಾಷರ್ ಆದರೆ 3926.90 ಎಂದು ನಡೆದುಕೊಳ್ಳುವುದು ಕ್ಷೇಮ.

ಗ್ಯಾಸ್ಕೆಟ್ ಸೆಟ್‌ಗಳ ವಿಚಾರದಲ್ಲಿ ಜನ 8484 ಎಂಬ ಶೀರ್ಷಿಕೆಯನ್ನೇ ಮರೆಯುತ್ತಾರೆ. ಲೋಹದ ತಗಡಿಗೆ ಬೇರೆ ವಸ್ತು ಸೇರಿಸಿ ಮಾಡಿದ್ದು ಅಥವಾ ಎರಡು ಮೂರು ಪದರದ ಲೋಹದ ಗ್ಯಾಸ್ಕೆಟ್ 8484.10. ಸ್ಟೀಲ್ ಪಟ್ಟಿ ಮತ್ತು ಗ್ರಾಫೈಟ್ ಸುರುಳಿ ಸುತ್ತಿದ ಸ್ಪೈರಲ್ ವೂಂಡ್ ಗ್ಯಾಸ್ಕೆಟ್ ಇಲ್ಲಿಗೇ. ಬೇರೆ ಬೇರೆ ವಸ್ತುವಿನ ಗ್ಯಾಸ್ಕೆಟ್‌ಗಳನ್ನು ಒಂದೇ ಚೀಲದಲ್ಲಿ ಸೆಟ್ ಮಾಡಿ ಕಳಿಸಿದರೆ ಅದೂ 8484. ಚೀಲದಲ್ಲಿ ಹತ್ತು ಅಳತೆಯ ರಬ್ಬರ್ ಓ-ರಿಂಗ್ ಮಾತ್ರ ಇದ್ದರೆ ಅದು ಸೆಟ್ ಅಲ್ಲ. ವಸ್ತು ಒಂದೇ, ಆದ್ದರಿಂದ 4016.93.

ಅರೆಬರೆ ಮಾಲಿಗೆ ಹಾರ್ಮೊನೈಸ್ಡ್ ಸಿಸ್ಟಮ್‌ನ ಸಾಮಾನ್ಯ ವ್ಯಾಖ್ಯಾನ ನಿಯಮ 2(ಎ) ಇದೆ. ಹಿಡಿಕೆ ಇನ್ನೂ ಹಾಕದ, ಉಳಿದೆಲ್ಲ ಜೋಡಿಸಿದ ನಲ್ಲಿ ನಲ್ಲಿಯೇ, ಬಿಡಿಭಾಗವಲ್ಲ. ಬಿಡಿಭಾಗದ ಮೇಲೆ ಸುಂಕ ಕಡಿಮೆ ಇರುವ ಕಡೆ ಹಿಡಿಕೆ ಒಂದು ಡಬ್ಬಿ, ಬಾಡಿ ಒಂದು ಡಬ್ಬಿ ಮಾಡಿ ಒಂದೇ ಸರಕಿನಲ್ಲಿ ಕಳಿಸುವ ಜಾಣತನ ಹೊಸದೇನಲ್ಲ. ಬಿಚ್ಚಿಟ್ಟ ರೂಪದಲ್ಲಿ ಒಟ್ಟಿಗೆ ಬಂದ ಸರಕನ್ನೂ ಅದೇ ನಿಯಮ ಇಡೀ ವಸ್ತುವೆಂದೇ ನೋಡುತ್ತದೆ. ಲೇಥಿಗೆ ಇನ್ನೂ ಹೋಗದ, ಆದರೆ ವಾಲ್ವಿನ ಬಾಡಿಯ ಆಕಾರ ತಳೆದ, ಬೇರೆ ಯಾವುದಕ್ಕೂ ಬಾರದ ಒರಟು ಎರಕ 8481.90. ಬರೀ ಹಿತ್ತಾಳೆ ಸರಳು ಹಿತ್ತಾಳೆ ಸರಳೇ.

ವಾಲ್ವನ್ನು ತೆರೆದು ಮುಚ್ಚಿಸುವ ಆಕ್ಚುಯೇಟರ್‌ಗಳಲ್ಲಿ ಎಣಿಕೆ ಮುಖ್ಯ. ವಾಲ್ವಿನ ಮೇಲೆ ಕೂರಿಸಿಯೇ ಬಂದರೆ ಒಟ್ಟು ಸಾಧನ 8481. ಪ್ರತ್ಯೇಕವಾಗಿ ಬಂದ ಗಾಳಿಯ ಅಥವಾ ಹೈಡ್ರಾಲಿಕ್ ಆಕ್ಚುಯೇಟರ್ 8412, ಮೋಟಾರಿಗೆ ಗೇರು ಮತ್ತು ಶಾಫ್ಟು ಸೇರಿದ ವಿದ್ಯುತ್ ಆಕ್ಚುಯೇಟರ್ 8501, ಬಿಡಿ ಸೊಲೆನಾಯ್ಡ್ ಕಾಯಿಲ್ 8505. ಸಾಗಣೆಗೆ ಅನುಕೂಲವೆಂದು ಬಿಚ್ಚಿದ 100 ವಾಲ್ವಿನ ಜತೆ 140 ಆಕ್ಚುಯೇಟರ್ ಬಂದಿದ್ದರೆ, 100 ಜೋಡಿ 8481ಕ್ಕೆ ಹೋಗಿ, ಹೆಚ್ಚುವರಿ 40 ತಮ್ಮ ಶೀರ್ಷಿಕೆಗೆ ಹೋಗಬೇಕು. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಯಾವ ಮಾಡೆಲಿಗೆ ಯಾವುದು ಎಂದು ಹೊಂದಿಸಿ ಬರೆಯದಿದ್ದರೆ 140ನ್ನೂ ಬೇರೆಯಾಗಿಯೇ ಎಣಿಸುತ್ತಾರೆ.

ನಲ್ಲಿ ರಿಪೇರಿ ಕಿಟ್‌ಗಳು, ಅಂದರೆ ಒಂದು ಕಾರ್ಟ್ರಿಜ್, ಎರಡು ಓ-ರಿಂಗ್, ಒಂದು ಸ್ಕ್ರೂ, ಒಂದು ಅಲೆನ್ ಕೀ ಇರುವ ಪುಟ್ಟ ಪ್ಯಾಕೆಟ್, ಚಿಲ್ಲರೆ ಮಾರಾಟಕ್ಕೆ ಸಿದ್ಧವಾಗಿ ಬಂದರೆ ನಿಯಮ 3(ಬಿ) ಪ್ರಕಾರ ಮುಖ್ಯ ಗುಣ ಕೊಡುವ ಕಾರ್ಟ್ರಿಜ್ ಜತೆಗೇ ಎಲ್ಲವೂ 8481.90. ಅದೇ ನಾಲ್ಕು ಸಾಮಾನು ನಾಲ್ಕು ಪೆಟ್ಟಿಗೆಯಲ್ಲಿ ರಾಶಿಯಾಗಿ ಬಂದರೆ 8481.90, 4016.93, 7318.15, 8204 ಎಂದು ನಾಲ್ಕು ಸಾಲು. ನಲ್ಲಿಗೆ ಜೋಡಿಸುವ ಸ್ಟೀಲ್ ಹೆಣಿಗೆಯ ಕನೆಕ್ಷನ್ ಪೈಪು ಬಿಡಿಯಾಗಿ ಬಂದರೆ ಒಳಗಿನ ಕೊಳವೆ ನೋಡಬೇಕು: ರಬ್ಬರಾಗಿದ್ದು ತುದಿಗೆ ಫಿಟ್ಟಿಂಗ್ ಇದ್ದರೆ 4009.22, ಸುಕ್ಕುಗಟ್ಟಿದ ಸ್ಟೀಲ್ ಕೊಳವೆಯೇ ಆಗಿದ್ದರೆ 8307.10.

ಇಷ್ಟೆಲ್ಲ ಕೂದಲು ಸೀಳುವುದು ಶೇಕಡಾ ಎರಡು ಮೂರರ ಸುಂಕ ವ್ಯತ್ಯಾಸಕ್ಕೇ ಎಂದು ಕೇಳುವವರಿದ್ದಾರೆ. ದೊಡ್ಡ ಪೆಟ್ಟು ಬೀಳುವುದು ಮೂಲದ ನಿಯಮದಲ್ಲಿ, ಅಂದರೆ ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮದಲ್ಲಿ. ವ್ಯಾಪಾರ ಒಪ್ಪಂದದಡಿ ರಿಯಾಯಿತಿ ಪಡೆಯಲು ‘ನಾಲ್ಕಂಕಿಯ ಶೀರ್ಷಿಕೆ ಬದಲಾಗಬೇಕು’ ಎಂಬ ಷರತ್ತು ಇದೆ ಎನ್ನಿ. ಹೊರಗಿನಿಂದ ತಂದ ಬಾಡಿ, ಸ್ಪಿಂಡಲ್ 8481.90, ಜೋಡಿಸಿ ಕಳಿಸುವ ವಾಲ್ವ್ 8481.80. ಬದಲಾಗಿದ್ದು ಉಪಶೀರ್ಷಿಕೆ ಮಾತ್ರ, ಶೀರ್ಷಿಕೆ ಅದೇ 8481. ಜೋಡಣೆ ಎಷ್ಟೇ ನಾಜೂಕಾಗಿದ್ದರೂ ಆ ಷರತ್ತು ಪೂರೈಸಲಿಲ್ಲ. ರಬ್ಬರ್ ಸೀಲು 4016, ಸೆರಾಮಿಕ್ ಬಿಲ್ಲೆ 6909, ನಟ್ಟು 7318: ಇವು ಶೀರ್ಷಿಕೆ ಬದಲಿಸುತ್ತವೆ. ಇವನ್ನೂ ಸೋಮಾರಿತನದಿಂದ 8481.90 ಎಂದು ಬರೆದಿಟ್ಟ ತಯಾರಕ, ತಾನು ಪೂರೈಸಬಹುದಾಗಿದ್ದ ಷರತ್ತನ್ನು ತನ್ನ ದಾಖಲೆಯಿಂದಲೇ ಕೆಡಿಸಿಕೊಳ್ಳುತ್ತಾನೆ. ತದ್ವಿರುದ್ಧವಾಗಿ, ವಾಲ್ವಿನ ಬಾಡಿಯನ್ನು ತಾಮ್ರ ಮಿಶ್ರಲೋಹದ ಪೈಪು ಫಿಟ್ಟಿಂಗ್ ಎಂದು 7412ರಲ್ಲಿ ತೋರಿಸಿ ರಿಯಾಯಿತಿ ಗಿಟ್ಟಿಸಿದವನ ಮೂಲ ಪ್ರಮಾಣಪತ್ರ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ. ಆಗ ವಸೂಲಿ ಬರುವುದು ಆಮದುದಾರನ ತಲೆಗೆ.

ಹಾಗಾಗಿ ಇನ್‌ವಾಯ್ಸ್‌ನಲ್ಲಿ ‘ವಾಲ್ವ್ ಸ್ಪೇರ್ಸ್, ಒಂದು ಲಾಟ್’ ಎಂಬ ಸಾಲನ್ನು ಯಾರೂ ಒಪ್ಪಬಾರದು. ಪ್ರತಿ ಸಾಮಾನಿಗೂ ವಸ್ತು, ಆಕಾರ, ಅಳತೆ, ಯಾವ ಮಾಡೆಲಿನ ಯಾವ ಜಾಗಕ್ಕೆ ಕೂರುತ್ತದೆ, ಎಷ್ಟು ನಗ, ಹೇಗೆ ಪ್ಯಾಕ್ ಆಗಿದೆ ಎಂಬುದು ಸರಕು ಹೊರಡುವ ಮೊದಲೇ ಬರಬೇಕು. ಬಂದರಿಗೆ ಬಂದಮೇಲೆ ಬರೆಸಿಕೊಂಡ ವಿವರಣೆಗೆ ಯಾರೂ ಬೆಲೆ ಕೊಡುವುದಿಲ್ಲ. ಗ್ಲ್ಯಾಂಡ್ ನಟ್ಟಿನಂಥ ನಿಜವಾದ ಅನುಮಾನ ಇದ್ದರೆ, ಸರಕು ತರಿಸುವ ಮೊದಲೇ ಕಸ್ಟಮ್ಸ್ ಇಲಾಖೆಯಿಂದ ಮುಂಗಡ ತೀರ್ಪು ಕೇಳಬಹುದು. 2017ರ ಫೆಬ್ರುವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆ ಒಪ್ಪಂದದ 3ನೇ ವಿಧಿ ವರ್ಗೀಕರಣಕ್ಕೂ ಮೂಲಕ್ಕೂ ಈ ದಾರಿ ಕೊಟ್ಟಿದೆ. ಅರ್ಜಿಯ ಜತೆ ಅಡ್ಡಕೊಯ್ತದ ಡ್ರಾಯಿಂಗ್ ಮತ್ತು ಒಂದು ಮಾದರಿ ಇಡಬೇಕು. ಬಣ್ಣದ ಬ್ರೋಷರಿನಿಂದ ಯಾವ ಅಧಿಕಾರಿಗೂ ಏನೂ ತಿಳಿಯುವುದಿಲ್ಲ.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಇಷ್ಟೇ. ಸುಂಕ ಬದಲಾವಣೆಯ ಪಟ್ಟಿ ಪ್ರಕಟಿಸುವಾಗ ನಾಲ್ಕಂಕಿಗೆ ನಿಲ್ಲಿಸದೆ ಕನಿಷ್ಠ ಆರಂಕಿಯ ಕೋಡ್ ಕೊಡಿ, ಪಕ್ಕದಲ್ಲಿ ಅಧಿಸೂಚನೆಯ ವಿವರಣೆಯನ್ನು ಪೂರ್ತಿ ಹಾಕಿ. ‘ಬಿಡಿಭಾಗ’ ಎಂದು ಬಂದಲ್ಲಿ ‘ವಿಭಾಗ ಮತ್ತು ಅಧ್ಯಾಯದ ಟಿಪ್ಪಣಿಗಳಿಗೆ ಒಳಪಟ್ಟು’ ಎಂಬ ಮಾತನ್ನು ಜಾಗ ಉಳಿಸಲು ಕತ್ತರಿಸಬೇಡಿ. ಕೋಡ್ ಯಾವ ಆವೃತ್ತಿಯದು ಎಂಬುದನ್ನೂ ನಮೂದಿಸಿ. ಈಗ ನಡೆಯುತ್ತಿರುವುದು 2022ರ ಆವೃತ್ತಿ. ಹಳೆಯ ಆವೃತ್ತಿಯ ಟಿಪ್ಪಣಿ ಸಂಖ್ಯೆ ಹಿಡಿದು ಬರೆದ ಉತ್ತರಗಳು ಕಸ್ಟಮ್ಸ್ ಮೇಜಿನಿಂದ ಹಿಂದಕ್ಕೆ ಬರುತ್ತಿರುತ್ತವೆ.

ಇತಿ,
ಸುಂಕ ವರ್ಗೀಕರಣದ ಕೆಲಸದಲ್ಲಿರುವ ಓದುಗರು